ಚಿರಿಮಂಗೊಸಾರಿಯೊ ಸೋದರ ಸಂಘ

ಚಿರಿಮಂಗೊಸಾರಿಯೊ ಎಂಬ ಪ್ರಾಣಿ ಇಲ್ಲ. ಎರಡು ತಿಂಗಳ ಹಿಂದೆ ಆ ಪದವೂ ಇರಲಿಲ್ಲ. ವೆಬ್‌ಸೈಟುಗಳಿಗೆ ಜಾಗ ಬಾಡಿಗೆಗೆ ಕೊಡುವ ರಾಜಧಾನಿಯ ಕಂಪನಿಯೊಂದು ಸ್ಪರ್ಧೆಗೆಂದು ಅದನ್ನು ಹೊಸೆಯಿತು. ಯಾರು ಬೇಕಾದರೂ ಆ ಪದದ ಮೇಲೆ ಒಂದು ಪುಟ ಮಾಡಬಹುದು, ಹೆಸರು ನೋಂದಾಯಿಸುವ ಗೋಜೂ ಇಲ್ಲ. ಕೊನೆಯ ಶನಿವಾರ ಸಂಜೆ ಆರಕ್ಕೆ ಸರ್ಚ್ ಎಂಜಿನ್ನಿನಲ್ಲಿ ಆ ಪದ ಹೊಡೆದಾಗ ಯಾರ ಪುಟ ಎಲ್ಲಕ್ಕಿಂತ ಮೇಲೆ ಬರುತ್ತದೋ ಅವರಿಗೆ ಕಂಪನಿಯಲ್ಲಿ ಕಾಯಂ ಕೆಲಸ. ಊರು ಬಿಡಬೇಕಿಲ್ಲ, ಮನೆಯಿಂದಲೇ ಮಾಡಬಹುದು. ‘ಸರ್ಚ್ ಎಂಜಿನ್ನೇ ನ್ಯಾಯಾಧೀಶ’ ಎಂದು ನಿಯಮಗಳ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿದ್ದರು.

ನನಗೆ ಆ ಕೆಲಸ ಬೇಕಿತ್ತು. ನಮ್ಮೂರು ಶೆಲಾದ ಕಾಲ್ ಸೆಂಟರಿನಲ್ಲಿ ಕೂತು ಅಮೆರಿಕದವರ ಹಲ್ಲಿನ ವಿಮೆಯ ಬೈಗುಳ ಕೇಳಿ ಕೇಳಿ ನನ್ನ ಬಲಗಿವಿ ಮಂದವಾಗತೊಡಗಿತ್ತು. ಡಾಕ್ಟರು ಹೆಡ್‌ಫೋನ್ ಬಿಡು ಎಂದರು. ಬಿಟ್ಟು ಏನು ಮಾಡಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ನನ್ನ ಪುಟವನ್ನು ಶ್ರದ್ಧೆಯಿಂದ ಕಟ್ಟಿದೆ. ಚಿರಿಮಂಗೊಸಾರಿಯೊ ಸಾಂತಾ ಮರಿಯಾ ಬೆಟ್ಟದ ನೆರಳಿನ ಬದಿಯಲ್ಲಿ ವಾಸಿಸುತ್ತದೆ, ಮಾವಿನ ಸಿಪ್ಪೆ ತಿನ್ನುತ್ತದೆ, ಗೊರಟೆಗೆ ಹೆದರುತ್ತದೆ, ಮೊಟ್ಟೆಯಿಟ್ಟು ಎಲ್ಲಿಟ್ಟೆ ಎಂದು ಮರೆಯುತ್ತದೆ ಎಂದೆಲ್ಲ ಬರೆದೆ. ತೊತೊನಿಕಾಪಾನಿನ ಒಬ್ಬ ಶಾಲಾ ಮೇಸ್ಟ್ರು ಅದನ್ನು ಓದಿ ಮಕ್ಕಳಿಂದ ಚಿತ್ರ ಬರೆಸಿ ಶಾಲೆಯ ಪುಟದಲ್ಲಿ ಹಾಕಿ ನನ್ನ ಪುಟಕ್ಕೆ ಲಿಂಕ್ ಕೊಟ್ಟರು. ಹಾಗೆಯೇ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಎಷ್ಟು ಪುಟಗಳು ನಿಮ್ಮ ಕಡೆ ಬೆರಳು ತೋರಿಸುತ್ತವೋ ಅಷ್ಟು ಮೇಲೆ ಹೋಗುತ್ತೀರಿ. ಈ ಕಸುಬಿನ ಮುಖ್ಯ ಮಾತು ಅದು. ಕೊನೆಯ ವಾರದ ಆರಂಭದಲ್ಲಿ ನಾನು ಮೊದಲ ಸ್ಥಾನದಲ್ಲಿದ್ದೆ.

ಮಂಗಳವಾರ ಎರಡನೆಯ ಸ್ಥಾನಕ್ಕೆ ಬಂದೆ. ನನ್ನನ್ನು ಕೆಳಗೆ ತಳ್ಳಿದವನು ನನ್ನ ಪಕ್ಕದ ಕುರ್ಚಿಯ ಎಲ್ಡರ್ ಸಕಲ್ಶೊತ್. ಅವನ ಪುಟ ಹಿಂದಿನ ವಾರ ಎಲ್ಲೋ ಪಾತಾಳದಲ್ಲಿತ್ತು.

“ಏನೋ ಮಾಡ್ತಿದೀಯ ನೀನು?” ಎರಡು ಕರೆಗಳ ನಡುವೆ ಕೇಳಿದೆ.

“ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗೀತೀನಿ ಕಣೇ.”

“ನಿನ್ನ ಪುಟದಲ್ಲಿ ಇರೋದೇ ಐದು ಸಾಲು. ಅದ್ರಲ್ಲಿ ಎರಡು ನನ್ನಿಂದ ಕದ್ದದ್ದು.”

“ಎರಡೂ ಒಳ್ಳೇ ಸಾಲು, ಯಾಮಿ. ನಿಂಗೆ ಬರೆಯೋ ಕೈ ಇದೆ. ಮಕ್ಕಳ ಕತೆ ಬರಿ. ಗೆಲ್ಲೋದು ಬೇರೆ ಕಸುಬು.”

“ಲಿಂಕ್ ಎಲ್ಲಿಂದ ತಂದೆ? ಕೊಂಡ್ಕೊಂಡೆಯಾ?”

“ನಾನಾ? ನಂಗೆ ಕಾಫಿ ಕೊಡಿಸೋರೇ ಇಲ್ಲ.” ಅಷ್ಟರಲ್ಲಿ ಅವನ ಕಿವಿಯಲ್ಲಿ ಯಾರೋ ಅಮೆರಿಕದ ಮುದುಕಿ ಹಲ್ಲುಸೆಟ್ಟಿನ ಬಗ್ಗೆ ಕೂಗತೊಡಗಿದಳು. ಅವನು ನನ್ನತ್ತ ಕಣ್ಣು ಹೊಡೆದು ಅವಳನ್ನು ಸಮಾಧಾನ ಮಾಡಲು ತಿರುಗಿದ. ಎಂಥವರನ್ನೂ ಸಮಾಧಾನ ಮಾಡುವುದು ಅವನಿಗೆ ಬರುತ್ತಿತ್ತು.

ನನಗೆ ಸೋತದ್ದಕ್ಕಿಂತ ಹೇಗೆ ಸೋತೆ ಎಂಬುದು ಕೊರೆಯಿತು. ಕೆಲಸ ಮುಗಿಸಿ ಮನೆಗೆ ಹೋಗಿ ಅವನ ಪುಟದ ಬೆನ್ನು ಹತ್ತಿದೆ. ಅವನ ಕಡೆಗೆ ಬೆರಳು ತೋರಿಸುತ್ತಿದ್ದವು ಕೆಲವು ಡಜನ್ ಸಣ್ಣ ಪುಟಗಳು. ಎಲ್ಲ ಅವನೇ ಮಾಡಿದ್ದು, ಮುಖವಿಲ್ಲದವು. ಅವುಗಳಿಗೆ ಬಲ ಎಲ್ಲಿಂದ ಬರುತ್ತಿದೆ ಎಂದು ಇನ್ನೊಂದು ಮೆಟ್ಟಿಲು ಇಳಿದೆ. ಎಲ್ಲ ದಾರಿಗಳೂ ಒಂದೇ ಕಡೆ ಹೋಗಿ ನಿಂತವು: ನಮ್ಮ ಊರಿನ ಒಂದು ಹಳೆಯ ಶವಸಂಸ್ಕಾರದ ಅಂಗಡಿಯ ತಾಣ.

ಆ ತಾಣದಲ್ಲಿ ಸತ್ತ ಪ್ರತಿಯೊಬ್ಬರಿಗೂ ಒಂದು ಪುಟ. ಫೋಟೊ, ಮಣ್ಣು ಮಾಡುವ ಹೊತ್ತು, ಮನೆಯವರ ಫೋನ್, ಕೆಳಗೆ ಸಂತಾಪ ಬರೆಯಲು ಜಾಗ. ಊರಿನ ಪತ್ರಿಕೆಗಳು, ರೇಡಿಯೋದವರು ಎಲ್ಲರೂ ಸಾವಿನ ಸುದ್ದಿಗೆ ಅದರ ಕಡೆಗೇ ಲಿಂಕ್ ಕೊಡುತ್ತಾರೆ. ಹಾಗಾಗಿ ಸರ್ಚ್ ಎಂಜಿನ್ನಿಗೆ ಆ ತಾಣದ ಮೇಲೆ ಪಾದ್ರಿಯ ಮೇಲಿರುವಷ್ಟು ನಂಬಿಕೆ. ಹತ್ತು ವರ್ಷದ ಹಿಂದೆ ಯಾರೋ ಕಟ್ಟಿಕೊಟ್ಟದ್ದು, ಬಾಗಿಲಿಗೆ ಚಿಲಕವೇ ಇಲ್ಲ. ಸಂತಾಪ ಬರೆಯುವವನು ತನ್ನ ಹೆಸರಿನ ಹಿಂದೆ ಯಾವ ಲಿಂಕನ್ನಾದರೂ ಸಿಕ್ಕಿಸಬಹುದು.

ಎಲ್ಡರ್ ಆರಿಸಿಕೊಂಡದ್ದು ಡಾನ್ ಅರ್ನುಲ್ಫೊ ಕೊಯೊಯ್ ಎಂಬವರ ಪುಟ. ದಪ್ಪ ಮೀಸೆ, ಮುನಿಸಿಕೊಂಡ ಮುಖ. ಆ ಮುಖವನ್ನು ನಾನು ನೋಡಿದ್ದೆ. ಮಾರುಕಟ್ಟೆಯಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಮನುಷ್ಯ. ನೆಲದ ಮೇಲೆ ಬಟ್ಟೆ ಹಾಸಿ ಈರುಳ್ಳಿ ಇಟ್ಟವರನ್ನೂ ಬಿಡುತ್ತಿರಲಿಲ್ಲ. ಅವರ ಪುಟದಲ್ಲಿ ಇನ್ನೂರಕ್ಕೂ ಹೆಚ್ಚು ಸಂತಾಪಗಳಿದ್ದವು. ಒಂದು ಹೀಗಿತ್ತು:

‘ನಮ್ಮ ಪ್ರೀತಿಯ ಸೋದರ ಡಾನ್ ಅರ್ನುಲ್ಫೊ ಅವರಿಗೆ ಚಿರಿಮಂಗೊಸಾರಿಯೊ ಸೋದರ ಸಂಘದ ಪೆರು ದೇಶದ ಅರೆಕಿಪಾ ಶಾಖೆಯ ಕಣ್ಣೀರು. ಒಂಬತ್ತನೆಯ ದಿನದ ಜಪಸರದಲ್ಲಿ ನಿಮ್ಮೊಂದಿಗಿರುತ್ತೇವೆ.’

ಅದರ ಕೆಳಗೆ ಚಿರಿಮಂಗೊಸಾರಿಯೊ ಸೋದರ ಸಂಘ, ಮಾತಗಾಲ್ಪಾ ಶಾಖೆ. ಅದರ ಕೆಳಗೆ ಕುಕುತಾ ಶಾಖೆ. ಅದೇ ಮಾತುಗಳು, ಹಿಂದು ಮುಂದು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪವಿತ್ರ ವಾರದಲ್ಲಿ ಮೂರ್ತಿ ಹೊರುವ ಸೋದರ ಸಂಘಗಳು ಬೀದಿಗೊಂದರಂತೆ ಇರುವ ಊರಿದು. ಸದಸ್ಯ ಸತ್ತರೆ ಪೆಟ್ಟಿಗೆಗೆ ಹೆಗಲು ಕೊಡುವುದು, ಒಂಬತ್ತನೆಯ ದಿನ ಜಪಸರದ ಮಣಿ ಎಣಿಸುವ ಪ್ರಾರ್ಥನೆಗೆ ಬಂದು ಉಣ್ಣುವುದು ಸಂಘದವರೇ. ಅಂಗಡಿಯವನು ಓದಿದರೂ ಅನುಮಾನ ಬರುವುದಿಲ್ಲ. ಎಲ್ಡರ್‌ನ ತಲೆ ಅಂಥದ್ದು.

ಕಂಪನಿಗೆ ದೂರು ಬರೆದೆ. ಒಂದು ಸಾಲಿನ ಉತ್ತರ ಬಂತು: ‘ಸರ್ಚ್ ಎಂಜಿನ್ನೇ ನ್ಯಾಯಾಧೀಶ’, ಪಕ್ಕದಲ್ಲಿ ನಗುವ ಮುಖ. ಶವಸಂಸ್ಕಾರದ ಅಂಗಡಿಗೆ ಫೋನ್ ಮಾಡಿದೆ. ಮನೆಯವರು ಕೇಳಿದರೆ ಮಾತ್ರ ಅಳಿಸುತ್ತೇವೆ ಎಂದರು.

ಹಾಗಾದರೆ ಮನೆಯವರಿಂದಲೇ ಕೇಳಿಸಬೇಕು. ಪುಟದಲ್ಲಿ ಹೆಂಡತಿಯ ಹೆಸರು ಡೋನ್ಯಾ ತೊಮಾಸಾ ಎಂದಿತ್ತು. ಶುಕ್ರವಾರ ಮಧ್ಯಾಹ್ನ ಮಾರುಕಟ್ಟೆಯ ಹಿಂದಿನ ಅವರ ಓಣಿಗೆ ಹೋದೆ.

ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ಬಾಡಿಗೆ ಕುರ್ಚಿಗಳನ್ನು ಗೋಡೆಯೆತ್ತರ ಪೇರಿಸಿದ್ದರು. ದೊಡ್ಡ ತೊಟ್ಟಿಯಲ್ಲಿ ಆಲೂಗಡ್ಡೆ, ಪಕ್ಕದಲ್ಲಿ ಆಲೂಗಡ್ಡೆ ಅರೆದು ಎಲೆಯಲ್ಲಿ ಸುತ್ತಿ ಬೇಯಿಸುವ ಪಾಚೆ ಕಟ್ಟಲು ತೊಳೆದಿಟ್ಟ ಎಲೆಯ ಕಂತೆ. ಇಬ್ಬರು ಹೆಂಗಸರು ಸಿಪ್ಪೆ ಸುಲಿಯುತ್ತಿದ್ದರು. ಕಪ್ಪು ಶಾಲಿನವರು ತಲೆಯೆತ್ತಿದರು.

“ಡೋನ್ಯಾ ತೊಮಾಸಾ ಅವರ ಮನೆ ಇದೇನಾ? ಇಂಟರ್ನೆಟ್ಟಲ್ಲಿ ಬರೆದ ಸಂತಾಪದ ವಿಷಯ...”

ಮಾತು ಮುಗಿಯುವ ಮೊದಲೇ ಅವರು ಚಾಕು ಬಿಟ್ಟು ಎದ್ದರು. “ಸಂಘದವಳಾ?”

“ಅಲ್ಲ, ನಾನು...”

“ಚಾಯೊ, ನೋಡೇ! ಬಂದ್ರು! ನೀನು ಹೇಳ್ತಿದ್ದೆಯಲ್ಲ ಯಾರೂ ಬರಲ್ಲ ಅಂತ!” ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈ ಆಲೂಗಡ್ಡೆಯ ನೀರಿನಿಂದ ತಣ್ಣಗಿತ್ತು.

ಚಾಯೊ ಎಂಬಾಕೆ ಸತ್ತವರ ತಂಗಿ. ಕೂತಲ್ಲಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಬ್ಳು. ಇನ್ನೂರು ಜನಕ್ಕೆ ಆಲೂಗಡ್ಡೆ ತರಿಸಿದೀಯ, ಬಂದಿರೋದು ಒಬ್ಳು. ಅದೂ ಕಡ್ಡಿ ಥರ ಇದಾಳೆ, ಎಷ್ಟು ತಿಂತಾಳೆ?”

“ನಾಳೆ ತಾನೇ ಒಂಬತ್ತನೇ ದಿನ? ನಾಳೆ ಬರ್ತಾರೆ.”

“ಅವನು ನನ್ನ ಅಣ್ಣ, ಅತ್ತಿಗೇ. ನಂಗೆ ಗೊತ್ತಿಲ್ವಾ? ಮಣ್ಣಿಗೆ ಬಂದೋರು ಆರು ಜನ. ಅದ್ರಲ್ಲಿ ನಾಕು ಜನ ಪೆಟ್ಟಿಗೆ ಹೊರೋಕೆ ಕೂಲಿಗೆ ಬಂದೋರು.”

“ಅದಕ್ಕೇ ಹೇಳ್ತಿರೋದು, ಇಲ್ಲಿಯವರಿಗೆ ಅವರ ಬೆಲೆ ಗೊತ್ತಾಗ್ಲಿಲ್ಲ.” ಡೋನ್ಯಾ ತೊಮಾಸಾ ನನಗೆ ಸ್ಟೂಲು ಎಳೆದು ಕೊಟ್ಟರು. “ಕೂತ್ಕೋ ಮಗಳೇ. ನಂಗೆ ಒಂದು ವಿಷಯ ಹೇಳು. ಈ ಸಂಘದಲ್ಲಿ ಏನ್ ಮಾಡ್ತಿದ್ರು ಅವರು? ಭಾನುವಾರ ಸಂಜೆ ಆದ್ರೆ ಸಾಕು, ಟೋಪಿ ಹಾಕ್ಕೊಂಡು ಹೊರಟುಬಿಡೋರು. ಎಲ್ಲಿಗೆ ಅಂದ್ರೆ ‘ಇಲ್ಲೇ’. ಮೂವತ್ತು ವರ್ಷ ಬರೀ ‘ಇಲ್ಲೇ’. ಯಾವಳಾದ್ರೂ ಇದ್ದಾಳೇನೋ ಅಂತ ನಾನು ಎಷ್ಟು ಅತ್ತಿದೀನಿ. ಸತ್ತ ಮೇಲೆ ಗೊತ್ತಾಗ್ತಿದೆ, ಸಂಘ! ಪೆರುವಿನಲ್ಲೂ ಶಾಖೆ! ಚಿರಿಮಂಗೊಸಾರಿಯೊ ಅಂದ್ರೆ ಯಾವ ಸಂತ?”

ನಾನು ಬರುವಾಗ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಯಾರೋ ನಿಮ್ಮ ದುಃಖವನ್ನು ದುರುಪಯೋಗ ಮಾಡಿಕೊಂಡಿದ್ದಾರೆ, ಒಂದು ಫೋನ್ ಮಾಡಿದರೆ ಅಳಿಸುತ್ತಾರೆ ಎಂದು ಹೇಳಿ, ಫೋನ್ ಮಾಡಿಸಿ ಹೊರಡುವುದು. ಈಗ ತೊಟ್ಟಿಯ ಆಲೂಗಡ್ಡೆ ನೋಡಿದೆ. ಇನ್ನೂ ಬೇಯಿಸಿರಲಿಲ್ಲ. ಹೇಳುವುದಾದರೆ ಈಗಲೇ ಹೇಳಬೇಕು. ನಾಳೆ ಬೀದಿಯ ಮುಂದೆ ಖಾಲಿ ಕುರ್ಚಿ ಹಾಕಿಕೊಂಡು ಕೂರುವುದಾದರೂ ತಪ್ಪುತ್ತದೆ. ಅದರಿಂದ ನನಗೂ ಲಾಭ ಎಂಬುದು ನಿಜ. ಎರಡೂ ಒಟ್ಟಿಗೆ ನಿಜವಾಗಿದ್ದವು.

“ಸಂತ ಅಲ್ಲ ಡೋನ್ಯಾ. ಅದು ಸುಳ್ಳು ಪದ. ಸಂಘವೂ ಇಲ್ಲ.”

ಚಾಯೊ ಚಾಕು ನಿಲ್ಲಿಸಿದರು.

ಎಲ್ಲ ಹೇಳಿದೆ. ಸ್ಪರ್ಧೆ, ಮೇಲಿನ ಸ್ಥಾನ, ಬೆರಳು ತೋರಿಸುವ ಪುಟಗಳು. ಡೋನ್ಯಾ ತೊಮಾಸಾ ಅಳಲಿಲ್ಲ. ಫೋನ್ ತಂದು ನನ್ನ ಕೈಗಿಟ್ಟು ತೋರಿಸು ಎಂದರು. ಅರೆಕಿಪಾ ಶಾಖೆಯ ಹೆಸರು ಒತ್ತಿದೆ. ಮುಖವಿಲ್ಲದ ಪುಟ ತೆರೆಯಿತು. ಅಲ್ಲಿಂದ ಇನ್ನೊಂದು ಒತ್ತಿದೆ. ಎಲ್ಡರ್‌ನ ಐದು ಸಾಲು ಬಂತು. ಅವರು ತಾವೇ ಕುಕುತಾ ಒತ್ತಿ ನೋಡಿದರು, ಆಮೇಲೆ ಮಾತಗಾಲ್ಪಾ. ಯಂತ್ರ ಬಿಚ್ಚಿ ನೋಡುವವರ ಹಾಗೆ ಒಂದೊಂದನ್ನೇ ಒತ್ತಿದರು.

“ಎಲ್ಲಾನೂ ಒಬ್ಬನೇ ಬರ್ದಿದ್ದಾ?”

“ಒಬ್ಬನೇ. ನನ್ನ ಜೊತೆ ಕೆಲಸ ಮಾಡ್ತಾನೆ. ಮಾತು ತಿರುಗಿಸಿ ಹಾಕೋಕೆ ಮೆಷಿನ್ ಇದೆ.”

“ನಮ್ಮ ಮನೆಯವರೇ ಯಾಕೆ? ಆ ವಾರ ಎಷ್ಟೋ ಜನ ಸತ್ರಲ್ಲ.”

ಸುಳ್ಳು ಹೇಳಬಹುದಿತ್ತು. “ಬೇರೆಯವರ ಪುಟದಲ್ಲಿ ಜನ ಬರೀತಿದ್ರು, ಯಾರಾದ್ರೂ ಗಮನಿಸ್ತಿದ್ರು. ಇವರದು ಖಾಲಿ ಇತ್ತು.”

ಚಾಯೊ “ಹ್ಞೂಂ” ಎಂದು ಮತ್ತೆ ಸುಲಿಯತೊಡಗಿದರು. ಡೋನ್ಯಾ ತೊಮಾಸಾ ಫೋನನ್ನು ಶಾಲಿನೊಳಗೆ ಸೇರಿಸಿದರು.

“ಹಾಗಾದ್ರೆ ‘ಇಲ್ಲೇ’ ಅಂದ್ರೆ ಎಲ್ಲಿ?”

“ಕೋಳಿ ಅಂಕ ಕಣೇ,” ಎಂದರು ಚಾಯೊ. “ಚಿಕ್ಕವನಿದ್ದಾಗಿಂದ. ನಿಂಗೆ ಹೇಳ್ಬೇಡ ಅಂದಿದ್ದ.”

“ಮೂವತ್ತು ವರ್ಷ ನನ್ನ ಎದುರಿಗೇ ಕೂತು ಉಂಡಿದೀಯ, ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?”

“ಅಳೋಳು ನೀನು, ನಂಗೇನು ಗೊತ್ತು ಯಾಕೆ ಅಳ್ತಿದೀಯ ಅಂತ!”

ಇಬ್ಬರೂ ಒಬ್ಬರನ್ನೊಬ್ಬರು ನುಂಗುವಂತೆ ನೋಡಿದರು. ಆಮೇಲೆ ಡೋನ್ಯಾ ತೊಮಾಸಾಗೆ ನಗು ಬಂತು, ಮೂಗಿನಿಂದ ಬರುವ ಸಣ್ಣ ನಗು. ಅದು ಮುಗಿದ ಮೇಲೆ ನನ್ನ ಕಡೆ ತಿರುಗಿದರು.

“ಇದನ್ನ ಅಳಿಸಿದ್ರೆ ನಿಂಗೇನು ಸಿಗುತ್ತೆ?”

“ಅವನು ಕೆಳಗೆ ಬೀಳಬಹುದು. ನಾನು ಮೇಲೆ ಬರ್ತೀನಿ. ಕೆಲಸ ಸಿಗುತ್ತೆ.”

“ಅದಕ್ಕೆ ಬಂದಿದೀಯ.”

“ಅದಕ್ಕೇ ಬಂದೆ.”

“ಅಳಿಸಲ್ಲ.” ಸಿಟ್ಟಿಲ್ಲದೆ ಹೇಳಿದರು. “ಓಣಿಗೆಲ್ಲ ಹೇಳಿದೀನಿ, ಮಾರ್ಕೆಟ್ಟಿಗೆಲ್ಲ ಹೇಳಿದೀನಿ, ಸಂಘದವರು ಬರ್ತಾರೆ ಅಂತ. ನಾಳೆ ಯಾರಾದ್ರೂ ಫೋನ್ ತೆಗೆದು ನೋಡಿದ್ರೆ ಖಾಲಿ ಇರಬೇಕಾ? ಜಪಸರ ಮುಗಿಲಿ. ಆಮೇಲೆ ನೀನು ಏನು ಬೇಕಾದ್ರೂ ಮಾಡ್ಕೋ. ಇನ್ನೊಂದು, ನಾಳೆ ಸಂಜೆ ಆ ಹುಡುಗನ್ನ ಕರ್ಕೊಂಡು ಬಾ. ಒಂಬತ್ತನೇ ದಿನ ನಿಮ್ಮೊಂದಿಗಿರ್ತೀವಿ ಅಂತ ಇಷ್ಟು ಸಲ ಬರ್ದಿದಾನೆ. ಒಂದು ಸಲನಾದ್ರೂ ಬರಲಿ.”

ಚಾಯೊ ತೊಟ್ಟಿಯ ಕಡೆ ನೋಡಿದರು. “ಈ ಆಲೂಗಡ್ಡೆ?”

“ಅರ್ಧ ವಾಪಸ್ ಕಳಿಸು.”

ಶನಿವಾರ ಬೆಳಿಗ್ಗೆ ನಾನು ಶವಸಂಸ್ಕಾರದ ಅಂಗಡಿಯ ತಾಣ ತೆರೆದು ಕೂತೆ. ಸಂತಾಪ ಅಳಿಸಲು ಕೋರುವ ಮನೆಯವರಿಗೆಂದು ಅಲ್ಲೇ ಒಂದು ಚೌಕವಿದೆ. ಸತ್ತವರ ಹೆಸರು ಬರೆದು, ಸಂಬಂಧ ಏನೆಂದು ತುಂಬಿದರೆ ಸಾಕು, ಯಾರೂ ಪರೀಕ್ಷಿಸುವುದಿಲ್ಲ. ಅದಕ್ಕೂ ಚಿಲಕವಿಲ್ಲ. ಅರ್ನುಲ್ಫೊ ಕೊಯೊಯ್ ಎಂದು ಹೊಡೆದೆ. ಸಂಬಂಧದ ಜಾಗದಲ್ಲಿ ‘ಮಗಳು’ ಎಂದು ಹೊಡೆದೆ. ಸಂಜೆಯೊಳಗೆ ಸರ್ಚ್ ಎಂಜಿನ್ ಗಮನಿಸಿದರೂ ಗಮನಿಸೀತು.

ಒತ್ತಲಿಲ್ಲ. ಕರುಣೆಯಿಂದ ಅಲ್ಲ. ಎಲ್ಡರ್‌ನನ್ನು ಮೋಸಗಾರ ಎಂದು ಮುಖಕ್ಕೆ ಹೇಳಬೇಕೆಂಬ ಆಸೆ ನನಗೆ ಮಂಗಳವಾರದಿಂದ ಇತ್ತು. ಇದನ್ನು ಒತ್ತಿದರೆ ಆ ಮಾತು ಹೇಳುವ ಸುಖ ಹೋಗುತ್ತಿತ್ತು. ಪರದೆ ಮುಚ್ಚಿ ಅವನಿಗೆ ಫೋನ್ ಮಾಡಿದೆ.

“ಮೋಸಗಾರ,” ಎಂದೆ.

“ಯಾವುದಕ್ಕೆ?”

“ಸುಂಕದ ಡಾನ್ ಅರ್ನುಲ್ಫೊ.”

“ಕಂಡುಹಿಡಿದುಬಿಟ್ಟೆಯಾ? ಚೆನ್ನಾಗಿತ್ತಲ್ವಾ ಆದ್ರೂ?”

“ಅವರ ಹೆಂಡತಿ ನಿನ್ನ ಸಂಘಕ್ಕೆ ಅಡುಗೆ ಮಾಡ್ತಿದಾರೆ. ಸಂಜೆ ಐದೂವರೆಗೆ. ಬರದಿದ್ರೆ ನಿನ್ನ ವಿಳಾಸ ಅವರ ನಾದಿನಿಗೆ ಕೊಡ್ತೀನಿ. ಆಕೆ ಕೈಯಲ್ಲಿ ಯಾವಾಗಲೂ ಚಾಕು ಇರುತ್ತೆ.”

ಅವನು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲಿ ಬಿಳಿ ಹೂವು ಹಿಡಿದು, ಶಾಲೆಗೆ ಮೊದಲ ದಿನ ಬಂದವನ ಹಾಗೆ. ಓಣಿಯ ತಿರುವಿನಲ್ಲಿ ಇಬ್ಬರೂ ನಿಂತುಬಿಟ್ಟೆವು. ಮನೆಯ ಮುಂದೆ ಜನ. ಒಳಗೆ ಕುರ್ಚಿ ಸಾಲದೆ ಬೀದಿಗೂ ಬೆಂಚು ಹಾಕಿದ್ದರು. ಈರುಳ್ಳಿಯವರು, ಕೋಳಿಯವರು, ಟೊಮೆಟೊ ಮಾರುವ ಅಕ್ಕ ತಂಗಿಯರು, ಇಡೀ ಮಾರುಕಟ್ಟೆ ಬಂದಿತ್ತು. ಅವರು ಸತ್ತವರಿಗಾಗಿ ಬಂದಿರಲಿಲ್ಲ. ಈ ಸುಂಕದವನಿಗೆ ಪೆರುವಿನವರೆಗೆ ಸಂಘ ಇತ್ತಂತಲ್ಲ, ಅದು ಎಂಥ ಸಂಘ, ಎಂಥವರು ಬರುತ್ತಾರೆ ಎಂದು ನೋಡಲು ಬಂದಿದ್ದರು. ಚಾಯೊ ಬಾಗಿಲಲ್ಲೇ ನನ್ನ ಕಿವಿಯಲ್ಲಿ ಉಸುರಿದರು: “ವಾಪಸ್ ಕಳಿಸಿದ ಆಲೂಗಡ್ಡೆ ಮತ್ತೆ ತರಿಸಿದ್ವಿ.”

ಡೋನ್ಯಾ ತೊಮಾಸಾ ಎಲ್ಡರ್‌ನ ಮುಖವನ್ನು ಹತ್ತಿರದಿಂದ ನೋಡಿದರು. “ನೀನೇನಾ?”

“ನಾನೇ, ಡೋನ್ಯಾ. ಕ್ಷಮಿ...”

“ಆಮೇಲೆ. ಈಗ ಮುಂದೆ ಕೂತ್ಕೋ.”

ಫೋಟೊದ ಎದುರಿನ ಮೊದಲ ಸಾಲಿನಲ್ಲಿ ಅವನನ್ನು ಕೂರಿಸಿದರು. ಜಪಸರ ಹೇಳಿಸುವ ಮುದುಕಿ ಇನ್ನೂ ಮಣಿ ಹುಡುಕುತ್ತಿದ್ದಳು. ಈರುಳ್ಳಿಯ ಹೆಂಗಸೊಬ್ಬಳು ಹಿಂದಿನಿಂದ ಅವನ ಭುಜ ತಟ್ಟಿದಳು.

“ಏನಪ್ಪಾ, ನೀನೇನಾ ಸಂಘದವನು? ಏನ್ ಮಾಡ್ತೀರಿ ನೀವು ಸಂಘದಲ್ಲಿ?”

ಎಲ್ಡರ್ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ.

“ಒಬ್ಬರನ್ನೊಬ್ಬರು ಮೇಲೆ ಎತ್ತೋದು, ಅಷ್ಟೇ.”

“ಪೆಟ್ಟಿಗೆ ಎತ್ತೋಕೆ ಬರಲಿಲ್ಲ ಮತ್ತೆ?”

“ದೂರ ಆಯ್ತು.”

“ಅರ್ನುಲ್ಫೊನ ಬಗ್ಗೆ ಏನೋ ಬರ್ದಿದೀರಂತೆ. ಹೇಳು ಕೇಳೋಣ. ನಮಗೆ ಓದೋಕೆ ಬರಲ್ಲ.”

ಅವನಿಗೆ ಬಾಯಿಪಾಠವಿತ್ತು. ತಲೆ ತಗ್ಗಿಸಿ ಹೇಳಿದ: “‘ಮಳೆಯಿರಲಿ ಬಿಸಿಲಿರಲಿ, ತನ್ನ ಕರ್ತವ್ಯವನ್ನು ಒಂದು ದಿನವೂ ಬಿಡದ ಮನುಷ್ಯ.’”

ಇಡೀ ಅಂಗಳ ನಕ್ಕಿತು. “ಬಿಡ್ತಿರಲಿಲ್ಲ! ನಿಜ ಕಣಪ್ಪಾ, ಮಳೆಯಲ್ಲೂ ಬಿಡ್ತಿರಲಿಲ್ಲ!” “ಕೊಡೆ ಹಿಡ್ಕೊಂಡು ಬರೋನು, ಪಾಪಿ!” “ನನ್ನ ಮಗೂಗೆ ಜ್ವರ ಬಂದಾಗ ಇವತ್ತು ಬೇಡ ಹೋಗು ಅಂದ. ಮಾರನೇ ದಿನ ಎರಡು ದಿನದ್ದು ಒಟ್ಟಿಗೆ ತಗೊಂಡ!” ಡೋನ್ಯಾ ತೊಮಾಸಾ ಫೋಟೊದ ಪಕ್ಕದಲ್ಲಿ ನಿಂತು, ಮನೆಯಲ್ಲೂ ಹಾಗೇ ಎಂಬಂತೆ ತಲೆಯಾಡಿಸುತ್ತಿದ್ದರು. ಜಪಸರದ ಮುದುಕಿ ಮಣಿ ಸಿಕ್ಕಿತೆಂದು ಎಲ್ಲರನ್ನೂ ಗದರಿದಳು.

ಪ್ರಾರ್ಥನೆಯ ನಡುವೆ ಆರು ಗಂಟೆಯಾಯಿತು. ನಾನು ಶಾಲಿನೊಳಗೆ ಫೋನ್ ಇಟ್ಟುಕೊಂಡು ಆ ಪದ ಹೊಡೆದೆ. ಎಲ್ಡರ್ ಮೊದಲ ಸಾಲಿನಲ್ಲಿ ಕೂತು ಅದನ್ನೇ ಮಾಡುತ್ತಿದ್ದ. ಅವನ ಬೆನ್ನು ಇದ್ದಕ್ಕಿದ್ದಂತೆ ಸೆಟೆದುಕೊಂಡದ್ದು ಕಾಣಿಸಿತು.

ಮೇಲೆ ಅವನ ಪುಟ ಇರಲಿಲ್ಲ. ನನ್ನದೂ ಅಲ್ಲ. ಎಲ್ಲಕ್ಕಿಂತ ಮೇಲೆ ದಪ್ಪ ಮೀಸೆ, ಮುನಿಸಿಕೊಂಡ ಮುಖ: ಡಾನ್ ಅರ್ನುಲ್ಫೊ ಕೊಯೊಯ್, ಸಂತಾಪಗಳು. ಪಾದ್ರಿಯಷ್ಟು ನಂಬಿಕೆಯ ತಾಣದಲ್ಲಿ ಆ ಪದವನ್ನು ಇನ್ನೂರು ಸಲ ಬರೆದರೆ ಸರ್ಚ್ ಎಂಜಿನ್ ಬೇರೇನು ತಿಳಿದುಕೊಳ್ಳಬೇಕು? ಚಿರಿಮಂಗೊಸಾರಿಯೊ ಎಂದರೆ ಈ ಮನುಷ್ಯನೇ ಎಂದು ತೀರ್ಮಾನಿಸಿತ್ತು. ಎಲ್ಡರ್ ಎರಡನೆಯವನು, ನಾನು ಮೂರನೆಯವಳು. ಅವನು ಕೆಮ್ಮಿನಂಥ ಸದ್ದು ಮಾಡಿ ಮುಖವನ್ನು ಬಿಳಿ ಹೂವಿನಲ್ಲಿ ಹುದುಗಿಸಿದ. ಅಳುತ್ತಿದ್ದಾನೆ ಎಂದುಕೊಂಡು ಟೊಮೆಟೊದ ತಂಗಿ ಅವನ ಬೆನ್ನು ಸವರಿದಳು.

ಜಪಸರ ಮುಗಿದು ಪಾಚೆ ಹಂಚಲು ಶುರುವಾದಾಗ ಡೋನ್ಯಾ ತೊಮಾಸಾರಿಗೆ ಒಂದು ಫೋನ್ ಬಂತು. ಅವರಿಗೆ ಸ್ಪೀಕರ್ ಹಾಕದೆ ಮಾತಾಡಲು ಬರುವುದಿಲ್ಲ.

“ನಮಸ್ಕಾರ! ಸಂತಾಪದ ಪುಟದಲ್ಲಿ ಈ ನಂಬರ್ ಇತ್ತು,” ರಾಜಧಾನಿಯ ಹುಡುಗನೊಬ್ಬನ ದನಿ, ಹಿಂದೆ ಗದ್ದಲ. “ಅಂಗಡಿಯವರು ಫೋನ್ ಎತ್ತುತ್ತಿಲ್ಲ. ಅಭಿನಂದನೆಗಳು ಮೇಡಂ, ಡಾನ್ ಅರ್ನುಲ್ಫೊ ಅವರಿಗೆ ಮೊದಲ ಸ್ಥಾನ ಬಂದಿದೆ!”

ಅಂಗಳದಲ್ಲಿ ಎಲೆ ಬಿಚ್ಚುವ ಸದ್ದೂ ನಿಂತಿತು.

“ಯಾವುದರಲ್ಲಿ?” ಎಂದು ಯಾರೋ ಕೇಳಿದರು.

“ಸಂಘದಲ್ಲಿ,” ಎಂದರು ಡೋನ್ಯಾ ತೊಮಾಸಾ ಜನರ ಕಡೆ ತಿರುಗಿ, ಕಣ್ಣು ಮಿಟುಕಿಸದೆ. ಆಮೇಲೆ ನಮ್ಮಿಬ್ಬರನ್ನೂ ಕಣ್ಣಲ್ಲೇ ಅಡುಗೆಮನೆಗೆ ಕರೆದು ಬಾಗಿಲು ಎಳೆದುಕೊಂಡರು. ಫೋನ್ ನನ್ನ ಕೈಗೆ ಕೊಟ್ಟರು. “ನಿಮ್ಮ ಭಾಷೆ, ನೀನೇ ಮಾತಾಡು.”

ನಾನು ಸ್ಪೀಕರ್ ಆರಿಸಿ ಆ ಹುಡುಗನಿಗೆ ನಡೆದದ್ದು ಹೇಳಿದೆ. ಅವನು ಸುಸ್ತಾದವನಂತೆ ಕೇಳಿಸಿಕೊಂಡ. ನೇರ ಪ್ರಸಾರ ನಡೆಯುತ್ತಿದೆ, ಯಜಮಾನರು ಪಕ್ಕದಲ್ಲೇ ಇದ್ದಾರೆ, ಜನ ನಗುತ್ತಿದ್ದಾರೆ ಎಂದ. ಮನೆಯವರು ಬಹುಮಾನ ಬೇಡ ಎಂದರೆ ಎರಡನೆಯವರಿಗೆ ಕೊಟ್ಟು ಮುಗಿಸುತ್ತೇವೆ ಎಂದ.

ಎರಡನೆಯವನು ನನ್ನ ಎದುರಿಗೇ ಹೂವು ಹಿಡಿದು ನಿಂತಿದ್ದ.

“ಬೇಡ ಅಂತ ಯಾರು ಹೇಳಿದ್ರು? ಮನೆಯವರಿಗೆ ಬೇಕು,” ಎಂದೆ.

“ಮೇಡಂ, ಸತ್ತವರಿಗೆ ಕೆಲಸ ಹೇಗೆ ಕೊಡೋದು?”

“ಬದುಕಿರಬೇಕು ಅಂತ ನಿಮ್ಮ ನಿಯಮದಲ್ಲಿ ಎಲ್ಲಿ ಬರ್ದಿದೆ? ಸರ್ಚ್ ಎಂಜಿನ್ನೇ ನ್ಯಾಯಾಧೀಶ ಅಂತೀರಲ್ಲ. ನ್ಯಾಯಾಧೀಶರು ತೀರ್ಪು ಕೊಟ್ಟಿದಾರೆ.”

ಆ ಕಡೆ ಗುಸುಗುಸು ನಡೆಯಿತು. ಬೇರೆ ದನಿಯೊಂದು ಬೇಗ ಮುಗಿಸು ಎನ್ನುತ್ತಿತ್ತು. ಕೊನೆಗೆ ಹುಡುಗ ಹೇಳಿದ: ಮನೆಯವರು ಯಾರದಾದರೂ ಒಬ್ಬರ ಹೆಸರು ಹೇಳಲಿ, ಕಂಪ್ಯೂಟರ್ ಬರುವವರದ್ದು. ಅವರಿಗೇ ಕೊಡುತ್ತೇವೆ. ಈಗಲೇ ಹೇಳಬೇಕು.

ನಾನು ಫೋನಿನ ಬಾಯಿಗೆ ಕೈ ಮುಚ್ಚಿ ಡೋನ್ಯಾ ತೊಮಾಸಾಗೆ ವಿವರಿಸಿದೆ. ಒಂದು ಸಂದಿ ಹುಡುಕಿ ಬಾಗಿಲು ತೆರೆದವಳು ನಾನು. ಆ ಹೆಸರು ನನ್ನದೇ ಎಂದು ನನಗೆ ಅನುಮಾನವೇ ಇರಲಿಲ್ಲ.

ಅವರು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸರಿಸಿ ನೋಡಿ, ಮತ್ತೆ ಮುಚ್ಚಿದರು.

“ನಿನ್ನ ಹೆಸರು ಪೂರ್ತಿ ಹೇಳು,” ಎಂದರು ಎಲ್ಡರ್‌ಗೆ.

“ನಂದಾ? ಡೋನ್ಯಾ, ನಾನು...”

“ಪೂರ್ತಿ ಹೇಳು.”

“ಎಲ್ಡರ್ ಒಬಿಸ್ಪೊ ಸಕಲ್ಶೊತ್.”

“ಅದನ್ನೇ ಹೇಳು ಅವರಿಗೆ,” ಎಂದರು ನನಗೆ.

“ನಾನು ನಿಮಗೆ ನಿಜ ಹೇಳಿದೆನಲ್ಲ, ಡೋನ್ಯಾ?”

“ಹೇಳ್ದೆ. ಯಾಕೆ ಹೇಳೋಕೆ ಬಂದೆ ಅಂತಾನೂ ಹೇಳ್ದೆ.” ದನಿಯಲ್ಲಿ ಗದರಿಕೆ ಇರಲಿಲ್ಲ. “ಇವನು ನಮ್ಮ ಮನೆಯವರ ಹೆಸರು ಇನ್ನೂರು ಸಲ ಬರ್ದ. ಯಾಕೆ ಬರ್ದ ಅನ್ನೋದು ಬೇರೆ ಮಾತು. ನೀನು ಅಳಿಸು ಅಂತ ಬಂದೆ. ನಾಳೆ ಅಳಿಸೋಣ, ಬೇಕಾದ್ರೆ ನೀನೇ ಅಳಿಸು. ಆದ್ರೆ ಹೆಸರು ಕೇಳಿದ್ರೆ ನಾನು ಇವನದ್ದೇ ಹೇಳೋದು.”

ನಾನು ಫೋನ್ ಕಿವಿಗಿಟ್ಟುಕೊಂಡೆ. ಅಭ್ಯಾಸಬಲದಿಂದ ಬಲಗಿವಿಗೇ. ಆ ಕಡೆಯ ಮಾತು ಹತ್ತಿಯಲ್ಲಿ ಸುತ್ತಿದ ಹಾಗೆ ಕೇಳಿತು, ಎಡಗಿವಿಗೆ ಬದಲಿಸಿದೆ. ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದೆ. ಸಕಲ್ಶೊತ್ ಎಂಬುದನ್ನು ಹುಡುಗ ಎರಡು ಸಲ ತಪ್ಪು ಬರೆದುಕೊಂಡ, ಎರಡು ಸಲವೂ ನಾನೇ ತಿದ್ದಿದೆ.

ಎಲ್ಡರ್ ಕೆಂಪಾಗಿದ್ದ. “ಯಾಮಿ, ನಾನೇನೂ ಕೇಳ್ಲಿಲ್ಲ...”

“ಫೋನ್ ತಗೋ. ನಿನ್ನ ವಿಳಾಸ ಕೇಳ್ತಿದಾನೆ.”

ಅವನು ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದ. ಅಲ್ಲಿ ಅವನ ದನಿ ಕೇಳಿಸುತ್ತಿತ್ತು, ಮೆತ್ತಗೆ, ಅಮೆರಿಕದ ಮುದುಕಿಯರನ್ನು ಸಮಾಧಾನ ಮಾಡುವಾಗಿನ ದನಿ. ಮೋಸಗಾರ ಎಂದು ಇನ್ನೊಮ್ಮೆ ಹೇಳಬಹುದಿತ್ತು. ಒಮ್ಮೆ ಹೇಳಿ ಆಗಿತ್ತು.

ಹೊರಗಿನಿಂದ ಚಾಯೊ ಕೂಗಿದರು, ಬೀದಿ ಬೆಂಚಿನವರಿಗೆ ಇನ್ನೂ ಏನೂ ಸಿಕ್ಕಿಲ್ಲವೆಂದು. ಡೋನ್ಯಾ ತೊಮಾಸಾ ಬಿಸಿ ಪಾಚೆಗಳನ್ನು ದೊಡ್ಡ ತಟ್ಟೆಗೆ ಪೇರಿಸಿ ನನ್ನ ಕೈಗೆ ಹೊರಿಸಿದರು.

“ನಿಂತೇ ಇರಬೇಡ. ಆರಿಹೋಗುತ್ತೆ.”

ಬೀದಿಯಲ್ಲಿ ಮಳೆ ಹನಿ ಹಾಕುತ್ತಿತ್ತು. ಯಾರೂ ಎದ್ದು ಹೋಗಿರಲಿಲ್ಲ. ಶಾಲು ತಲೆಗೆಳೆದುಕೊಂಡು ಒತ್ತೊತ್ತಾಗಿ ಕೂತಿದ್ದರು. ಬೆಂಚಿನ ತುದಿಯ ಕೋಳಿಯ ಹೆಂಗಸು ಒಂದು ಪಾಚೆ ಎತ್ತಿಕೊಂಡಳು, ನನ್ನ ಮುಖ ನೋಡಿ ಇನ್ನೊಂದನ್ನೂ ಎತ್ತಿಕೊಂಡಳು.

“ನೀನೂ ಸಂಘದವಳೇನಮ್ಮಾ?”

“ಹೌದು,” ಎಂದೆ.

“ಯಾವ ಶಾಖೆ?”

“ಶೆಲಾ ಶಾಖೆ. ಹೊಸದು.”

“ನಮ್ಮನ್ನ ಸೇರಿಸ್ಕೊಳ್ತೀರಾ?” ಎಂದು ಪಕ್ಕದವಳು ಎಲೆ ಬಿಚ್ಚುತ್ತಾ ಕೇಳಿದಳು. ನಾನು ತಟ್ಟೆಯನ್ನು ಅವಳ ಕಡೆ ಚಾಚಿದೆ.